ಎಡಗಿವಿಯ ಹತ್ತಿ

ಅವರ ಎಡಗಿವಿಯಲ್ಲಿ ಸದಾ ಒಂದು ಹತ್ತಿಯುಂಡೆ ಇರುತ್ತಿತ್ತು. ಮಾಗಡಿ ಪೇಟೆಯಲ್ಲಿ ವಿಭೂತಿ, ಕರ್ಪೂರ, ಹೂಬತ್ತಿ ಮಾರುತ್ತಿದ್ದವರಿಗೆ ಹತ್ತಿಗೇನು ಬರ. ನಾವೆಲ್ಲ ಅಂಗಡಿಯಣ್ಣ ಎನ್ನುತ್ತಿದ್ದೆವು. ಹರೆಯದಿಂದಲೂ ಅವರ ತಲೆಯೊಳಗೆ ಯಾರೋ ಮಾತಾಡುತ್ತಿದ್ದರು. ಒಬ್ಬರಲ್ಲ, ಒಂದು ಪಂಚಾಯಿತಿಯೇ. ಬೈಯುವುದೇ ಅವರ ಕಸುಬು. ಮಾತ್ರೆ ನುಂಗಿ, ಕಿವಿಗೆ ಹತ್ತಿ ತುರುಕಿದರೆ ದನಿ ತಗ್ಗುತ್ತಿತ್ತು, ಸಭೆ ಮಾತ್ರ ಬರಖಾಸ್ತಾಗುತ್ತಿರಲಿಲ್ಲ. ಕರ್ಪೂರ ತೂಗುವ ನಡುವೆ ಕತ್ತು ಎಡಕ್ಕೆ ವಾಲಿಸಿ, "ಒಸಿ ತಡೀರಪ್ಪ, ಗಿರಾಕಿ ಅವ್ರೆ" ಎಂದು ಸಮಾಧಾನ ಹೇಳಿ, ಮತ್ತೆ ತಕ್ಕಡಿ ಹಿಡಿಯುತ್ತಿದ್ದರು. ತೂಕ ಎಂದೂ ತಪ್ಪಲಿಲ್ಲ.

ನನ್ನ ಮಗ ಕಾಲೇಜು ಬಿಟ್ಟು ಗೋಡೆಗೆ ಉತ್ತರ ಕೊಡತೊಡಗಿದಾಗ ನಾವು ತಾಯತ, ಹರಕೆ ಎಂದು ಸಕಲ ದೇವತೆಗಳಿಗೂ ಅರ್ಜಿ ಗುಜರಾಯಿಸಿದ್ದೆವು. ಅಂಗಡಿಯಣ್ಣ ಅವನನ್ನೊಮ್ಮೆ ನೋಡಿ, "ಮೇಷ್ಟ್ರೇ, ಇವ್ನಿಗೂ ನಮ್ಮೋರೇ ಗಂಟು ಬಿದ್ದವ್ರೆ. ನಾಳೆ ನನ್ಜೊತೆ ಕಳ್ಸಿ" ಎಂದರು. ಅಂದಿನಿಂದ ಇಬ್ಬರೂ ತಿಂಗಳಿಗೊಮ್ಮೆ ಬೆಂಗಳೂರಿನ ಆಸ್ಪತ್ರೆಗೆ ಹೋಗುತ್ತಿದ್ದರು, ಬೆಳಗಿನ ಬಸ್ಸಿನಲ್ಲಿ, ನಿಂತುಕೊಂಡೇ. ಆ ಬಸ್ಸಿನಲ್ಲಿ ಸೀಟು ಸಿಗುವುದು ಪೂರ್ವಜನ್ಮದ ಪುಣ್ಯಕ್ಕೆ ಸೇರಿದ ವಿಷಯ.

ಇಂಥ ಕಾಯಿಲೆಯವರ ಮಿದುಳನ್ನು ಸತ್ತ ಮೇಲೆ ತೆಗೆದು ಪರೀಕ್ಷಿಸುತ್ತೇವೆ, ಬದುಕಿರುವಾಗ ಹಾಗೆ ನೋಡಲಾಗದು ಎಂದು ಅಲ್ಲಿನ ಡಾಕ್ಟರು ಒಮ್ಮೆ ಹೇಳಿದರಂತೆ. ಅಂಗಡಿಯಣ್ಣ ತಮ್ಮ ಮಿದುಳು ಕೊಡಲು ಅಲ್ಲೇ ಒಪ್ಪಿಬಂದರು. "ನಾನಂತೂ ತಲೇಲಿರೋ ಇವ್ರ ಮಖ ನೋಡ್ಲಿಲ್ಲ. ಡಾಕ್ಟ್ರಾದ್ರೂ ನೋಡ್ಲಿ. ಈ ಹುಡ್ಗನಂಥೋರಿಗೆ ಉಪ್ಯೋಗಾಯ್ತದೆ." ಹೆಂಡತಿಯಿಂದಲೂ ಮಾತು ತೆಗೆದುಕೊಂಡರು.

ಕಳೆದ ವರ್ಷ ಒಂದು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ಎದೆ ಹಿಡಿದು ಕುಸಿದವರು ಏಳಲಿಲ್ಲ. ಕೊಟ್ಟ ಮಾತಿನಂತೆ ಆಸ್ಪತ್ರೆಗೆ ಒಯ್ಯಲು ಹೊರಟರೆ ಬಂಧುಗಳು ಅಡ್ಡ ನಿಂತರು. ಅವರ ಕುಲದಲ್ಲಿ ಹೆಣವನ್ನು ಕೂರಿಸಿ ಮಣ್ಣು ಮಾಡುವುದು ಪದ್ಧತಿ. ಹಿರಿಯರೊಬ್ಬರು ಅಂಗಡಿಯಣ್ಣನ ಹೆಂಡತಿಯನ್ನು ಕೇಳಿದರು: "ಬೆಂಗ್ಳೂರಿಂದ ಬರೋಷ್ಟ್ರಲ್ಲಿ ಸೆಟ್ಕೊಂಡಿರ್ತದೆ. ಆಮ್ಯಾಕೆ ಕಾಲು ಮುರ್ದು ಕೂರಿಸ್ತೀಯೇನವ್ವ?"

ಆಕೆ ಮೂಗೊರೆಸಿಕೊಂಡು, "ಹಂಗಾದ್ರೆ ಈಗ್ಲೇ ಕೂರ್ಸಿ. ಕೂತ್ಕೊಂಡೇ ಹೋಗ್ಲಿ" ಎಂದರು.

ಚಕ್ಕಳಮಕ್ಕಳ ಹಾಕಿಸಿ, ಪಂಚೆಯಿಂದ ಬಿಗಿದು ವ್ಯಾನಿನಲ್ಲಿ ಕೂರಿಸಿದೆವು. ಒಂದು ಬದಿ ನಾನು, ಇನ್ನೊಂದು ಬದಿ ನನ್ನ ಮಗ ಹಿಡಿದುಕೊಂಡೆವು. ಮಾಗಡಿ ರಸ್ತೆಯಲ್ಲಿ ಅವರು ಕೂತು ಹೋದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಸಂಜೆ ಮರಳಿದಾಗ ತಲೆಯ ಹೊಲಿಗೆ ಕಾಣದಂತೆ ರುಮಾಲು ಸುತ್ತಿದರು. ಗುಣಿಯೊಳಗೆ ಕೂತದ್ದು ಲಕ್ಷಣವಾಗಿಯೇ ಇತ್ತು; ಬಂಧುಗಳಿಗೆ ತಕರಾರು ಉಳಿಯಲಿಲ್ಲ. ಮಣ್ಣು ಹಾಕುವ ಮುನ್ನ ಆಕೆ ಬಗ್ಗಿ, ಎಡಗಿವಿಯ ಹತ್ತಿಯನ್ನು ಎಳೆದು ತೆಗೆದರು.

"ಇನ್ಯಾತಕ್ಕೆ ಇದು. ಎಲ್ರೂ ಬೆಂಗ್ಳೂರ್ನಲ್ಲೇ ಇಳ್ಕೊಂಡವ್ರೆ."

ನನ್ನ ಮಗ ಅದಕ್ಕೆ ಕೈ ಚಾಚಿದ. ಆಕೆ ಕೊಡಲಿಲ್ಲ, ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

"ನಿಂಗ್ಯಾಕ್ ಮಗ ಇದು. ಮಾತ್ರೆ ತಗೊಂಡ್ಯಾ?"