ಆತಿಕಾ ಮುರಿದ ನಿಯಮ

ಶಿವಾಜಿನಗರದ ಶಾಲೆಗಳಲ್ಲಿ ಹವಾಮಾನದ ಪಾಠ ಮಾಡುವಾಗ ಆತಿಕಾ ಮಕ್ಕಳಿಗೆ ಹೇಳುತ್ತಿದ್ದಳು: "ಬಂದೇ ಬರುತ್ತೆ ಅನ್ನೋರನ್ನ ನಂಬ್ಬೇಡಿ. ಸಾಧ್ಯತೆ ಎಷ್ಟು ಅಂತ ಕೇಳಿ." ಕಟ್ಟಡ ಕಂಪನಿಗಳಿಗೆ ಸಲಹೆ ಕೊಡುವಾಗಲೂ ಅವಳದು ಅದೇ ನಿಯಮ.

ಆ ಮಧ್ಯಾಹ್ನ ಬೈಯಪ್ಪನಹಳ್ಳಿಯ ಕಟ್ಟಡವೊಂದರ ಅಟ್ಟಣೆಯ ತುದಿಯಲ್ಲಿ ನಾಲ್ವರು ಕೆಲಸಗಾರರಿದ್ದರು. ಆತಿಕಾ ತನ್ನ ಕಚೇರಿಯಲ್ಲಿ ಕುಳಿತು ನೋಡುತ್ತಿದ್ದ ರಾಡಾರ್ ಚಿತ್ರದಲ್ಲಿ ಬಿರುಗಾಳಿಯ ತೆಳುಗೆರೆಯೊಂದು ಅತ್ತ ಸರಿಯುತ್ತಿತ್ತು. ನಡುದಾರಿಯಲ್ಲೇ ಕರಗಿಯೂ ಹೋಗಬಹುದಿತ್ತು.

"ಹೋದ್ವಾರನೂ ಕೆಲ್ಸ ನಿಲ್ಸಿದ್ರಿ, ಒಂದೆಲೆ ಅಲ್ಲಾಡ್ಲಿಲ್ಲ," ಮೇಲ್ವಿಚಾರಕ ದುರ್ಗೇಶ ಫೋನಿನಲ್ಲಿ ರೇಗಿದ. "ಪರ್ಸೆಂಟು ಗಿರ್ಸೆಂಟು ಬೇಡ ಮೇಡಂ. ಬರುತ್ತಾ, ಇಲ್ವಾ?"

ಆತಿಕಾ ರಾಡಾರ್ ಚಿತ್ರವನ್ನು ಇನ್ನೊಮ್ಮೆ ನೋಡಿದಳು.

"ಬಂದೇ ಬರುತ್ತೆ. ಇಳಿಸ್ರೀ ಅವ್ರನ್ನ!"

ಕೊನೆಯವನು ಇಳಿದನೆಂದು ದುರ್ಗೇಶ ಹೇಳಿದಾಗಲೂ ಅವಳ ಕಿಟಕಿಯಾಚೆ ಬಿಸಿಲು ಕಾಯುತ್ತಿತ್ತು. ಮರುಗಳಿಗೆಗೆ ಫೋನಿನಲ್ಲಿ ಅಟ್ಟಣೆಯ ತಗಡುಗಳು ಕಿತ್ತು ಹಾರಿದ ಸದ್ದು ಕೇಳಿಸಿತು.

"ಅಷ್ಟು ಖಚಿತವಾಗಿ ಹೆಂಗ್ ಗೊತ್ತಾಯ್ತು ಮೇಡಂ?"

"ಗೊತ್ತಿರ್ಲಿಲ್ಲ. ಅರ್ಧಕ್ಕರ್ಧ ಅಂದಿದ್ರೆ ಇಳಿಸ್ತಿದ್ರಾ?"