ಕಲ್ಲು ಮಾಷ್ಟ್ರ ತಟ್ಟೆಗೆ ಬಿದ್ದ ಬಿಳಿ ಹುಡಿ

ನಮ್ಮ ತುಳಸಿ ಕುಂಡದ ಮಣ್ಣಿನ ಮೇಲೆ ಗಾಜಿನ ಗೋಲಿಗಳು ಏಕಿವೆ ಎಂದು ಮಕ್ಕಳೇ, ನಿಮ್ಮಲ್ಲಿ ಚಿಕ್ಕವನು ಎಷ್ಟೋ ಸಲ ಕೇಳಿದ್ದಾನೆ. ಈಗ ಅದರಲ್ಲಿ ಎರಡನ್ನು ಜೇಬಿಗೆ ಹಾಕಿಕೊಂಡು ಶಾಲೆಗೆ ಹೋಗಿದ್ದಾನೆ. ಅಜ್ಜಿಗೆ ಗೊತ್ತಾಗಿಲ್ಲ ಎಂದುಕೊಂಡಿದ್ದಾನೆ. ಬಾಯಲ್ಲಿ ಹೇಳಲು ಹೊರಟರೆ ನನಗೆ ನಾಚಿಕೆಯಾಗಿ ಕಥೆ ಅರ್ಧಕ್ಕೇ ಮುಗಿದುಹೋಗುತ್ತದೆ. ಅದಕ್ಕೆ ಬರೆದಿಡುತ್ತಿದ್ದೇನೆ. ಓದಲು ಕಷ್ಟವಾದರೆ ನಿಮ್ಮ ಅಮ್ಮನಿಂದ ಓದಿಸಿಕೊಳ್ಳಿ.

ನಾನು ಕುವೈತಿಗೆ ಬಂದದ್ದು ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ. ಚಿಕ್ಕವನು ಆಗ ಇನ್ನೂ ಹುಟ್ಟಿರಲಿಲ್ಲ. ಬಾಣಂತನಕ್ಕೆಂದು ಬಂದವಳು ಇಲ್ಲೇ ಉಳಿದೆ. ಎಗೈಲಾ ಬಡಾವಣೆಯ ಈ ಮನೆಯ ಬಾಲ್ಕನಿಗೂ ಪಕ್ಕದ ಮನೆಯ ಬಾಲ್ಕನಿಗೂ ನಡುವೆ ಸೊಂಟದೆತ್ತರದ ಗೋಡೆ ಇದೆಯಲ್ಲ, ಅದರ ಆಚೆ ಆಗ ಜರ್ಮನಿಯ ಒಬ್ಬರು ಇದ್ದರು. ಹೆಂಡತಿ ತೀರಿಹೋಗಿ ಒಂಟಿಯಾಗಿದ್ದ ಎತ್ತರದ ಮುದುಕರು. ನಾನು ಅವರನ್ನು ಮೊದಲು ನೋಡಿದಾಗ ಅವರು ಅಂಗೈಯಗಲದ ಒಂದು ಕಲ್ಲನ್ನು ನೆಕ್ಕುತ್ತಿದ್ದರು. ನಾನು ಒಳಗೆ ಬಂದು ನಿಮ್ಮ ಅಮ್ಮನಿಗೆ ಹೇಳಿದೆ.

“ಪಕ್ಕದ ಮನೆಯವರಿಗೆ ತಿನ್ಲಿಕ್ಕೆ ಎಂತದೂ ಇಲ್ಲ ಕಾಣ್ತದೆ. ಕಲ್ಲು ನೆಕ್ತಿದ್ದಾರೆ.”

“ಅಮ್ಮ, ಅವರು ಖನಿಜ ಪರೀಕ್ಷೆ ಮಾಡುವ ದೊಡ್ಡ ವಿಜ್ಞಾನಿ. ಉಪ್ಪಿನ ಕಲ್ಲಾ ಬೇರೆಯಾ ಅಂತ ನಾಲಿಗೆಯಲ್ಲೇ ನೋಡುವುದಂತೆ.”

“ಆದ್ರೂ ನಾಲ್ಕು ನೀರುದೋಸೆ ಕೊಟ್ಟು ಕಳಿಸು.”

ದೋಸೆ ತೆಗೆದುಕೊಂಡು ಹೋದವಳು ದೊಡ್ಡವಳೇ, ನೀನು. ಆಗ ನಿನಗೆ ಏಳು ವರ್ಷ. ಹೋದವಳು ಬರಿಗೈಯಲ್ಲಿ ಬರಲಿಲ್ಲ, ಒಂದು ಮರಳಿನ ಹೂ ತಂದೆ. ಎಸಳು ಎಸಳಾಗಿ ಬಿಚ್ಚಿದ ಕಂದು ಬಣ್ಣದ ಕಲ್ಲು. ಇದನ್ನು ಯಾರೂ ಕೆತ್ತಿದ್ದಲ್ಲ, ಮರುಭೂಮಿಯ ಮಣ್ಣಿನೊಳಗೆ ತಾನಾಗಿಯೇ ಬೆಳೆದದ್ದು ಎಂದು ಅವರು ಹೇಳಿದ್ದರಂತೆ. ಅಂದಿನಿಂದ ನಾನು ಅವರನ್ನು ಕಲ್ಲು ಮಾಷ್ಟ್ರು ಎಂದು ಕರೆಯತೊಡಗಿದೆ. ಮನೆಯವರಿಗೆಲ್ಲ ಅದೇ ಹೆಸರು ರೂಢಿಯಾಯಿತು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನೀನು ನನಗೆ ಅರ್ಧ ಕನ್ನಡದಲ್ಲಿ ಹೇಳುತ್ತಿದ್ದೆ. ನಾನು ಹೇಳಿದ್ದನ್ನು ಅವರಿಗೆ ನಿನಗೆ ಬೇಕಾದ ಹಾಗೆ ಹೇಳುತ್ತಿದ್ದೆ. ನಿನ್ನನ್ನು ಬಿಟ್ಟರೆ ನಮ್ಮಿಬ್ಬರ ನಡುವೆ ಇದ್ದ ಮಾತು ಇಲ್ಲಿಯ ಅರಬ್ಬಿಯ ಎರಡೇ, ಮುಗಿಯಿತು ಎನ್ನಲು ‘ಖಲಾಸ್’ ಮತ್ತು ಹೂಂ, ನಡೀರಿ ಎನ್ನಲು ‘ಯಲ್ಲಾ’. ಖಾಲಿ ಡಬ್ಬಿ ವಾಪಸು ಕೊಡುವಾಗ ಅವರು “ಖಲಾಸ್” ಎನ್ನುತ್ತಿದ್ದರು. ದೋಸೆ ಮುಗಿದಿದೆ ಎಂಬುದಕ್ಕೆ ಅಷ್ಟು ಸಾಕಾಗುತ್ತಿತ್ತು.

ನಿನ್ನ ಬಾಯಿಯಿಂದಲೇ ಅವರ ಬದುಕು ನನಗೆ ತಿಳಿದದ್ದು. ಬೆಳ್ಳಿಯ ಗಣಿ ಇದ್ದ ಊರಲ್ಲಿ ಹುಟ್ಟಿದವರು. ಅವರು ಹುಟ್ಟುವಾಗಲೇ ಬೆಳ್ಳಿ ಮುಗಿಯುತ್ತಾ ಬಂದಿತ್ತು. ತಂದೆ ಗಣಿಯ ಕೆಲಸಗಾರ. ಬಟ್ಟೆ ಒಗೆಯುವ ಮುಂಚೆ ತಾಯಿ ಮಗನ ಚಡ್ಡಿಯ ಜೇಬಿನಿಂದ ದಿನಾ ಕಲ್ಲು ತೆಗೆದು ಕಿಟಕಿಯ ಮೇಲೆ ಸಾಲಾಗಿ ಇಡುತ್ತಿದ್ದರಂತೆ, ಎಸೆಯುತ್ತಿರಲಿಲ್ಲವಂತೆ. ಮಾಷ್ಟ್ರ ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಪುಟ್ಟ ಭೂತಗನ್ನಡಿ ಯಾವಾಗಲೂ ಇರುತ್ತಿತ್ತು. ನಾನು ಅದನ್ನು ಬಹಳ ದಿನ ತಾಯಿತ ಎಂದೇ ತಿಳಿದಿದ್ದೆ.

ಕುವೈತಿನಲ್ಲಿ ಅವರ ಕೆಲಸ ಧೂಳನ್ನು ಹಿಡಿಯುವುದು. ಮಕ್ಕಳೇ, ನನಗೆ ಇದು ನಂಬಲಿಕ್ಕೇ ಕಷ್ಟವಾಯಿತು. ಇಲ್ಲಿ ಬಂದ ದಿನದಿಂದ ನಾನು ಧೂಳಿನ ಜೊತೆ ಗುದ್ದಾಡುತ್ತಿದ್ದೆ. ಬೆಳಿಗ್ಗೆ ಗುಡಿಸಿದರೆ ಮಧ್ಯಾಹ್ನಕ್ಕೆ ಟಿ.ವಿ.ಯ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ನಾನು ಹೊಡೆದು ಓಡಿಸುತ್ತಿದ್ದುದನ್ನು ಅವರು ಕರೆದು ಕೂರಿಸುತ್ತಿದ್ದರು. ನಡುಗೋಡೆಯ ಆಚೆ ಬದಿಗೆ ತಾಗಿ ಒಂದು ಸ್ಟೂಲಿನ ಮೇಲೆ ಅಗಲ ತಟ್ಟೆ, ತಟ್ಟೆಯ ತುಂಬ ಗಾಜಿನ ಗೋಲಿ. ಗಾಳಿ ತಂದು ಹಾಕಿದ ಧೂಳು ಗೋಲಿಗಳ ಸಂದಿಗೆ ಇಳಿದು ಕೂರುತ್ತದೆ, ಮತ್ತೆ ಹಾರಿಹೋಗುವುದಿಲ್ಲ. ಶನಿವಾರಕ್ಕೊಮ್ಮೆ ಗೋಲಿ ತೊಳೆದು, ಆ ನೀರನ್ನು ಸೋಸಿ, ಒಣಗಿದ ಧೂಳನ್ನು ಚಿಕ್ಕ ಸೀಸೆಗೆ ಹಾಕಿ ಇಡುತ್ತಿದ್ದರು. ಯಾವ ಕಾಲದಲ್ಲಿ ಯಾವ ದಿಕ್ಕಿನಿಂದ ಎಂಥ ಧೂಳು ಬರುತ್ತದೆ ಎಂದು ತಿಳಿಯುವುದು ಅವರ ಕೊನೆಯ ದೊಡ್ಡ ಕೆಲಸ. ಅದು ಮುಗಿದರೆ ಊರಿಗೆ ಹೊರಡುವವರು.

ಇನ್ನು ನನ್ನ ಕೆಲಸ ಹೇಳಬೇಕು. ನಿಮ್ಮ ಅಜ್ಜ ಹೋದ ಮೇಲೆ ಊರಿನಲ್ಲಿ ನಾನು ರಂಗೋಲಿ ಹಾಕುವುದನ್ನು ಬಿಟ್ಟಿದ್ದೆ. ಹಾಕಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಂಗಳದಲ್ಲಿ ಕೂತರೆ ದಾರಿಯಲ್ಲಿ ಹೋಗುವವರ ಮುಖ ಬೇರೆ ಥರ ಆಗುತ್ತಿತ್ತು, ಅಷ್ಟೆ. ಇಲ್ಲಿಗೆ ಬಂದ ಮೇಲೆ ತುಳಸಿ ಕುಂಡದ ಎದುರು ನೋಡುವವರು ಯಾರೂ ಇರಲಿಲ್ಲ. ಒಂದು ದಿನ ಕೈ ತಾನಾಗಿ ಹುಡಿ ಹಿಡಿಯಿತು. ಆಮೇಲೆ ದಿನಾ ಬೆಳಗಾಗುವ ಹೊತ್ತಿಗೆ ಹಾಕುತ್ತಿದ್ದೆ. ಹಾಕಿ ಎದ್ದು, ನಡುಗೋಡೆಯ ಮೇಲೆ ಎರಡೂ ಕೈ ಚಾಚಿ, ಅಂಗೈ ತಟ್ಟಿ ಹುಡಿ ಕೊಡವಿ ಒಳಗೆ ಹೋಗುವುದು. ಊರಿನಲ್ಲಿ ಅಂಗಳದ ಕಟ್ಟೆಯ ಆಚೆಗೆ ಕೊಡವಿದ ಅಭ್ಯಾಸ. ಗೋಡೆಯ ಆಚೆ ತಟ್ಟೆ ಇದೆ ಎಂದು ಗೊತ್ತಿತ್ತು. ಆದರೆ ಅದು ಗಾಳಿ ತಂದ ಧೂಳಿಗೆ ಇಟ್ಟ ತಟ್ಟೆ, ನನ್ನ ಕೈಗೂ ಅದಕ್ಕೂ ಸಂಬಂಧ ಉಂಟೆಂದು ಹೊಳೆದಿರಲಿಲ್ಲ.

ಹೀಗೆ ಎರಡು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಕಲ್ಲು ಮಾಷ್ಟ್ರು ನನ್ನನ್ನೂ, ದೊಡ್ಡವಳೇ, ನಿನ್ನನ್ನೂ ಮೈಕ್ರೋಸ್ಕೋಪ್ ನೋಡಲು ಕರೆದರು. ನಾನು ಬಾಗಿಲಲ್ಲೇ ನಿಂತಿದ್ದೆ, ನೀನು ಸೆರಗು ಹಿಡಿದು ಎಳೆದುಕೊಂಡು ಹೋದೆ. ಕಣ್ಣಿಟ್ಟರೆ ಧೂಳು ಎಲ್ಲಿದೆ. ಕಲ್ಲುಸಕ್ಕರೆ ಚೂರು, ಒಡೆದ ಬಳೆ, ಮೊಸರಿನಂಥ ಗಡ್ಡೆ. ಅವರು ಹೇಳುತ್ತಾ ಹೋದರು, ನೀನು ಕನ್ನಡ ಮಾಡುತ್ತಾ ಹೋದೆ.

“ಅಜ್ಜಿ, ಎವ್ರಿ ಗ್ರೇನ್ ಹ್ಯಾಸ್ ಎ ಊರು ಅಂತೆ. ಈ ರೌಂಡ್ ಇದ್ದದ್ದು ಡೆಸರ್ಟಿಂದ. ಇದು ನದಿಯದ್ದು. ಇದು ಸಮುದ್ರದ ಸಾಲ್ಟ್.”

“ಇದು?” ನಾನು ಕೇಳಿದೆ. ಬಿಳಿಯ, ಪದರು ಪದರಾದ ಚೂರುಗಳು.

ಮಾಷ್ಟ್ರ ಮುಖ ಅರಳಿತು. ಅದೇ ಅವರ ಹೊಸ ಶೋಧ. ಅದು ಬಳಪದ ಕಲ್ಲಿನ ಜಾತಿಯದು, ಇಲ್ಲಿಯ ಧೂಳಿನಲ್ಲಿ ಹೀಗೆ ಅವರಿಗೆ ಎಲ್ಲೂ ಸಿಕ್ಕಿದ್ದಿಲ್ಲ. ಮುಖಕ್ಕೆ ಹಾಕುವ ಪೌಡರ್ ಇರಬಹುದೇ ಎಂದು ಮೊದಲು ಸಂಶಯಪಟ್ಟಿದ್ದರು. ಪೌಡರಿಗೆ ಇದು ದೊರಗು. ಕೊಲ್ಲಿಯ ಆಚೆಯ ಯಾವುದೋ ಬೆಟ್ಟದಿಂದ ಗಾಳಿ ಇದನ್ನು ಹೊತ್ತು ತರುತ್ತಿದೆ ಎಂದು ಅವರ ಲೆಕ್ಕ. ಬರುವ ಗುರುವಾರ ಕುವೈತ್ ನಗರದ ಶರ್ಕ್‌ನ ಒಂದು ದೊಡ್ಡ ಕಟ್ಟಡದಲ್ಲಿ ಅವರ ಭಾಷಣ. ಬೇರೆ ದೇಶಗಳಿಂದಲೂ ವಿಜ್ಞಾನಿಗಳು ಬರುವವರಿದ್ದರು. ಅಲ್ಲಿ ಈ ಬೆಟ್ಟದ ಗಾಳಿಯ ಮಾತನ್ನು ಮೊದಲ ಸಲ ಹೇಳುವವರಿದ್ದರು.

“ಯಾವಾಗ ಬರ್ತದಂತೆ ಆ ಗಾಳಿ?” ಸುಮ್ಮನೆ ಕೇಳಿದೆ.

“ಅಕ್ಟೋಬರ್‌ನಲ್ಲಿ ತುಂಬ. ಜುಲೈ, ಆಗಸ್ಟ್‌ನಲ್ಲಿ ನಥಿಂಗ್.”

ನವರಾತ್ರಿಯಲ್ಲಿ ನಾನು ದಿನಾ ದೊಡ್ಡ ದೊಡ್ಡ ರಂಗೋಲಿ ಹಾಕುತ್ತೇನೆ. ಜುಲೈ, ಆಗಸ್ಟಿನಲ್ಲಿ ನಿಮ್ಮ ಶಾಲೆಗೆ ರಜೆ, ನಾವೆಲ್ಲ ಊರಿನಲ್ಲಿ. ಎರಡೂ ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡು ಮನೆಗೆ ಬಂದೆ.

ನಿಮ್ಮ ಅಮ್ಮ ಆಫೀಸಿನಿಂದ ಬಂದ ಕೂಡಲೇ ಹೇಳಿದೆ. ಅವಳು ನಕ್ಕಳು.

“ನಿನ್ನ ರಂಗೋಲಿ ಹುಡಿಯಾ? ಅಷ್ಟು ಓದಿದವರಿಗೆ ಗೊತ್ತಾಗುವುದಿಲ್ವಾ ಅಮ್ಮ?”

“ಅವರಿಗೆ ಹೇಗೆ ಗೊತ್ತಾಗುವುದು? ಅವರು ಏಳುವಾಗ ನಾನು ದೋಸೆ ಹುಯ್ತಾ ಇರ್ತೇನೆ.”

“ಹಾಗಾದ್ರೆ ಹೋಗಿ ಹೇಳು.”

“ನೀನು ಹೇಳು.”

“ನಿನ್ನ ಕೈ, ನಿನ್ನ ಹುಡಿ. ನಾನೆಂತ ಹೇಳುವುದು?”

ಹೇಳುವುದು ಅಷ್ಟು ಸುಲಭವೇ. ದೊಡ್ಡವಳೇ, ನಿನ್ನ ಟೀಚರ್ ಎದುರು ಬಂದರೆ ನಾನು ಕಂಬದ ಹಿಂದೆ ನಿಲ್ಲುವವಳು. ಹೇಳಿದರೆ ಆ ಮನುಷ್ಯರ ಅರಳಿದ ಮುಖ ಬಾಡುತ್ತದೆ. ಹೇಳದಿದ್ದರೆ ದೇಶ ದೇಶದವರ ಎದುರು ಇಲ್ಲದ ಬೆಟ್ಟವನ್ನು ತೋರಿಸುತ್ತಾರೆ. ಮುಂದೆ ಯಾರಾದರೂ ಆ ಬೆಟ್ಟವನ್ನು ಹುಡುಕಿ ಹೊರಟರೆ ಇವರ ಒಂದು ಜೀವಮಾನದ ಮಾತಿಗೇ ಬೆಲೆ ಇಲ್ಲದಂತಾಗುತ್ತದೆ. ನೀರುದೋಸೆ ತಿಂದು ಡಬ್ಬಿ ತೊಳೆದು ಕೊಡುವ ಮನುಷ್ಯರಿಗೆ ನನ್ನಿಂದ ಹಾಗಾಗುವುದು ಬೇಡ ಎನಿಸಿತು.

ಮರುದಿನ ಒಂದು ಸ್ಟೀಲ್ ಮುಚ್ಚಳದಲ್ಲಿ ಸ್ವಲ್ಪ ರಂಗೋಲಿ ಹುಡಿ ಹಾಕಿ, ನಿನ್ನನ್ನು ಮುಂದೆ ಮಾಡಿಕೊಂಡು ಹೋದೆ. ಅವರು ಬಾಗಿಲು ತೆರೆದರು. ನಾನು ನಿನ್ನ ಬೆನ್ನು ತಳ್ಳಿದೆ. ನೀನೇ ಶುರು ಮಾಡಿದೆ.

“ಅಜ್ಜಿ ಸೇಸ್ ಸಾರಿ.”

“ನಾನು ಇನ್ನೂ ಎಂತದೂ ಹೇಳ್ಲಿಲ್ಲ ಮಾರಾಯ್ತಿ.”

ಮುಚ್ಚಳವನ್ನು ಚಾಚಿ ಮೈಕ್ರೋಸ್ಕೋಪಿನ ಕಡೆ ಕೈ ತೋರಿಸಿದೆ. “ಯಲ್ಲಾ,” ಎಂದೆ. ಇದ್ದದ್ದು ಅದೊಂದೇ ಮಾತು.

ಅವರು ಹುಡಿಯನ್ನು ಗಾಜಿನ ಮೇಲೆ ಉದುರಿಸಿ ಕಣ್ಣಿಟ್ಟರು. ನೋಡಿದರು. ತಟ್ಟೆಯ ಧೂಳಿನ ಸೀಸೆಯನ್ನು ತಂದು ಅದನ್ನೂ ನೋಡಿದರು. ಆಮೇಲೆ ಬೆರಳು ಒದ್ದೆ ಮಾಡಿ ನನ್ನ ಹುಡಿಗೆ ತಾಗಿಸಿ ನಾಲಿಗೆಗೆ ಇಟ್ಟರು. ಎದ್ದು ಬಾಲ್ಕನಿಗೆ ಹೋಗಿ ಗೋಡೆಯ ಮೇಲಿಂದ ನಮ್ಮ ಕಡೆಗೆ ಬಗ್ಗಿದರು. ಅಲ್ಲಿ ತುಳಸಿಯ ಎದುರು ಅಂದಿನ ರಂಗೋಲಿ ಇತ್ತು. ಗೋಡೆಯ ನೆತ್ತಿಯ ಮೇಲೆ ಎರಡು ವರ್ಷದಿಂದ ಕೂತ ಬಿಳಿ ಕಲೆ ಇತ್ತು. ಅವರು ಕೊರಳಿನ ಭೂತಗನ್ನಡಿ ಹಿಡಿದು ಆ ಕಲೆಯ ಮೇಲೆ ಬಹಳ ಹೊತ್ತು ಬಾಗಿದ್ದರು. ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ತಿರುಗಿದಾಗ ನೋಡಿದರೆ ನಗು. ಗೋಡೆ ಹಿಡಿದುಕೊಂಡು ನಗುತ್ತಿದ್ದರು, ಭೂತಗನ್ನಡಿ ಎದೆಯ ಮೇಲೆ ಕುಣಿಯುತ್ತಿತ್ತು.

“ಅಜ್ಜಿ,” ನೀನು ಕನ್ನಡ ಮಾಡಿದೆ, “ಅವರ ಬೆಟ್ಟ ನೀನೇ ಅಂತೆ.”

“ಬೇಜಾರಾಯ್ತಾ ಕೇಳು.”

ಅದಕ್ಕೆ ಅವರು ಒಂದು ಕಥೆ ಹೇಳಿದರು. ಹುಡುಗನಾಗಿದ್ದಾಗ ಹೊಳೆಯ ಬದಿಯಿಂದ ಮಿರಿಮಿರಿ ಹೊಳೆಯುವ ಕಲ್ಲೊಂದನ್ನು ಬೆಳ್ಳಿಯೆಂದು ಹೊತ್ತು ತಂದರಂತೆ. ಇಡೀ ಬೀದಿ ನೋಡಲು ಸೇರಿತಂತೆ. ತಂದೆ ಬಂದು, ಇದು ಹಿಂದೆ ಅದಿರು ಕರಗಿಸಿದವರು ಎಸೆದ ಕಿಟ್ಟ ಎಂದರಂತೆ. ತಾಯಿ ಅದನ್ನು ತೊಳೆದು, ಉಪ್ಪಿನಲ್ಲಿ ಹುಳಿಯಾಗಲು ಇಟ್ಟ ಎಲೆಕೋಸಿನ ಭರಣಿಯ ಮೇಲೆ ಭಾರಕ್ಕೆ ಇಟ್ಟರಂತೆ. ಚಳಿಗಾಲವಿಡೀ ಅದರ ಕೆಳಗಿನ ಕೋಸನ್ನೇ ತಿಂದೆ ಎಂದರು. ನಮ್ಮಲ್ಲೂ ಉಪ್ಪಿಗೆ ಹಾಕಿದ ಹಲಸಿನ ಸೊಳೆಯ ಮೇಲೆ ಕಲ್ಲು ಇಡುತ್ತೇವಲ್ಲ, ನನಗೆ ಆ ತಾಯಿ ಕಣ್ಣೆದುರಿಗೆ ಬಂದ ಹಾಗಾಯಿತು. ಬಿಳಿ ಹುಡಿಯೊಂದನ್ನು ಲೆಕ್ಕದಿಂದ ತೆಗೆದರೆ ಉಳಿದ ಧೂಳಿನ ವಿಚಾರವೆಲ್ಲ ಸರಿಯಾಗಿಯೇ ಇದೆ, ಗುರುವಾರಕ್ಕೆ ಮೊದಲೇ ತಿಳಿದದ್ದು ಒಳ್ಳೆಯದಾಯಿತು ಎಂದೂ ಹೇಳಿದರು.

ಇಲ್ಲಿಗೆ ಮುಗಿಯಿತು ಎಂದುಕೊಂಡರೆ, ಭಾಷಣದ ದಿನ ಸಭೆಯ ಬಾಗಿಲಲ್ಲಿ ರಂಗೋಲಿ ಹಾಕಿಕೊಡಬೇಕು ಎಂದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

“ನನ್ನಿಂದಾಗ್ಲಿಕ್ಕಿಲ್ಲ ಅಂತ ಹೇಳು. ನಾನು ಹಾಕುವುದನ್ನು ಯಾರೂ ನೋಡ್ಬಾರದು. ಅಜ್ಜ ಇಲ್ಲದವಳು ಅಂತ ಹೇಳು.”

ನೀನು ಏನು ಹೇಳಿದೆಯೋ ಗೊತ್ತಿಲ್ಲ. ಅವರು ಒತ್ತಾಯ ಮಾಡಲಿಲ್ಲ. ತನ್ನ ಹೆಂಡತಿ ಹೋದ ಮೇಲೆ ತಾನೂ ಬಹಳ ಕಾಲ ಕಲ್ಲು ಮುಟ್ಟಿರಲಿಲ್ಲ ಎಂದರಂತೆ. ಹಾಗಾದರೆ ನಾನೇ ಹಾಕುತ್ತೇನೆ, ಹುಡಿ ಕೊಡಿ ಎಂದರು. ಅಲ್ಲೇ ತಮ್ಮ ಬಾಲ್ಕನಿಯಲ್ಲಿ ಮಂಡಿಯೂರಿ ಚುಕ್ಕಿ ಇಡಲು ಕೂತರು. ಚಿಕ್ಕವನೇ, ಆ ಚುಕ್ಕಿಗಳನ್ನು ನೀನು ನೋಡಬೇಕಿತ್ತು. ಕೋಳಿ ಕೆದಕಿದ ಹಾಗೆ. ಒಂದು ಸಾಲು ಬಾಗಿಲ ಕಡೆಗೆ, ಒಂದು ಸಾಲು ಸಮುದ್ರದ ಕಡೆಗೆ. ಇದನ್ನು ದೇಶ ದೇಶದವರು ನೋಡಿ ನಮ್ಮ ರಂಗೋಲಿ ಇದೇ ಎಂದು ತಿಳಿದರೆ ಹೇಗೆ. ತಡೆಯಲಾಗಲಿಲ್ಲ. ಅವರ ಕೈಯಿಂದ ಮುಚ್ಚಳ ತೆಗೆದುಕೊಂಡೆ.

“ಜನ ಬರುವ ಮೊದಲು ಹಾಕಿ ಮುಗಿಸ್ತೇನೆ ಅಂತ ಹೇಳು,” ಎಂದೆ.

ಗುರುವಾರ ಶರ್ಕ್‌ನ ಆ ಗಾಜಿನ ಕಟ್ಟಡದಲ್ಲಿ, ನುಣ್ಣಗಿನ ಕರಿಕಲ್ಲಿನ ನೆಲದ ಮೇಲೆ ನಾನು ಕೂತೆ. ಕರಿನೆಲಕ್ಕೆ ಬಿಳಿ ಹುಡಿ ಎಷ್ಟು ಚೆನ್ನಾಗಿ ಕೂರುತ್ತದೆ ಎಂದರೆ, ಜನ ಬರತೊಡಗಿದ್ದು ನನಗೆ ತಿಳಿಯಲೇ ಇಲ್ಲ. ತಲೆ ಎತ್ತಿದಾಗ ಸುತ್ತ ಬೂಟುಗಳು. ಎಲ್ಲರೂ ನಿಂತು ನೋಡುತ್ತಿದ್ದರು. ಯಾರ ಮುಖವೂ ಬೇರೆ ಥರ ಆಗಿರಲಿಲ್ಲ. ಏಳೋಣ ಎನಿಸಿತು, ಕೊನೆಯ ಎಸಳು ಬಾಕಿ ಇತ್ತು. ಎಸಳು ಮುಗಿಸಿಯೇ ಎದ್ದೆ. ದೊಡ್ಡ ದೊಡ್ಡ ವಿದ್ವಾಂಸರು ಗೋಡೆಗೆ ಬೆನ್ನು ತಾಗಿಸಿ ಅಡ್ಡಡ್ಡ ನಡೆದು ಒಳಗೆ ಹೋದರು. ಕಲ್ಲು ಮಾಷ್ಟ್ರು ಬಾಗಿಲಲ್ಲಿ ನಿಂತು, ತುಳಿಯುವವರನ್ನು ತಡೆಯುತ್ತಿದ್ದರು.

ಭಾಷಣ ನನಗೆ ಅರ್ಥವಾಗಲಿಲ್ಲ. ನಡುವೆ ಒಮ್ಮೆ ಸಭೆಯೆಲ್ಲ ಗೊಳ್ಳೆಂದು ನಕ್ಕು ನಮ್ಮ ಕಡೆ ತಿರುಗಿತು. ದೊಡ್ಡವಳೇ, ನೀನು ನನ್ನ ಕಿವಿಯಲ್ಲಿ, “ಈಗ ಬೆಟ್ಟದ ಪಾರ್ಟ್,” ಎಂದೆ. ಮುಗಿದ ಮೇಲೆ ಅವರು ಒಂದು ಕಾರ್ಡಿನಿಂದ ರಂಗೋಲಿಯ ಹುಡಿಯನ್ನು ಮೆಲ್ಲಗೆ ಒಟ್ಟುಮಾಡಿ ಸೀಸೆಗೆ ತುಂಬಿಕೊಂಡರು. ತನ್ನ ಊರಿನ ಕಿಟಕಿಯ ಮೇಲೆ ಇಡುತ್ತಾರಂತೆ, ತಾಯಿ ಇಡುತ್ತಿದ್ದ ಜಾಗದಲ್ಲಿ.

ಹೊರಡುವ ದಿನ ತಟ್ಟೆಯ ಗೋಲಿಗಳನ್ನೆಲ್ಲ ತೊಳೆದು ತಂದು ತುಳಸಿ ಕುಂಡದಲ್ಲಿ ಹಾಕಿ, “ಖಲಾಸ್,” ಎಂದರು. ನಾನು ದೋಸೆಯ ಡಬ್ಬಿ ಕೈಗೆ ಕೊಟ್ಟು “ಯಲ್ಲಾ,” ಎಂದೆ. ಈ ಸಲ ಡಬ್ಬಿ ವಾಪಸು ಬರಲಿಲ್ಲ.

ಗಾಳಿ ಎದ್ದ ದಿನ ಆ ಗೋಲಿಗಳ ನಡುವೆ ಈಗಲೂ ಧೂಳು ಇಳಿದು ಕೂರುತ್ತದೆ. ನಾನು ಅದನ್ನು ಗುಡಿಸುವುದಿಲ್ಲ. ಚಿಕ್ಕವನೇ, ಎರಡು ಗೋಲಿ ಕಡಿಮೆ ಇವೆ. ನಾಳೆ ತಂದು ಇದ್ದಲ್ಲೇ ಇಡು.