ಚೆಂಡಿನ ಮಡ್ಡಿಯ ಕಣ

ನಮ್ಮೂರಿಗೆ ಇನ್ನೂ ವಿಜಾಪುರ ಅಂತಿದ್ದ ದಿನಗಳವು. ಟಾಂಗಾದವನಿಗೆ "ಚೆಂಡಿನ ಮಡ್ಡಿಗೆ ನಡಿಯಪ್ಪಾ" ಅಂದರೆ ಸಾಕು, ತಿಕೋಟಾ ರಸ್ತೆ ಹಿಡಿದು ಕುದುರೆ ತಾನೇ ನಮ್ಮ ಮನೆ ಮುಂದೆ ಬಂದು ನಿಲ್ಲುತ್ತಿತ್ತು. ಈಗ ಯಾರಿಗಾದರೂ ನಾನು ಗಾಲ್ಫ್ ಮೈದಾನದಲ್ಲಿ ಬೆಳೆದವಳು ಅಂದರೆ ಮೇಲಿಂದ ಕೆಳಗೆ ನೋಡುತ್ತಾರೆ, ಇದ್ಯಾವ ಮಹಾರಾಣಿ ಬಂದಳಪ್ಪಾ ಅನ್ನುವ ಹಾಗೆ. ಹಸಿರು ಹುಲ್ಲು, ಕೊಳ, ಬಿಳಿ ಟೊಪ್ಪಿಗೆ ಅಂತ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ಎಲ್ಲಿಯ ಹುಲ್ಲು ತಗೀರಿ! ಮಡ್ಡಿ ಅಂದರೆ ಬರಡು ದಿಬ್ಬ. ಕಾಲಿಟ್ಟಲ್ಲಿ ಗರಸು, ಕೈಯಿಟ್ಟಲ್ಲಿ ಜಾಲಿ ಮುಳ್ಳು, ನಡುವೆ ನಮ್ಮ ತಗಡಿನ ಮನೆ. ಆದರೂ ಅಂಥ ಜಾಗ ಮತ್ತೊಂದಿರಲಿಲ್ಲ, ಇದನ್ನು ಯಾರ ಎದುರಿಗೆ ಬೇಕಾದರೂ ಹೇಳುತ್ತೇನೆ.

ಇಂಗ್ಲಿಷ್ ಸಾಹೇಬರು ಆಡಿ ಬಿಟ್ಟುಹೋದ ಮೈದಾನ ಪುರಸಭೆಯ ಪಾಲಿಗೆ ಬಂದಿತ್ತು. ಊರಿನ ಆಸ್ತಿ, ಯಾರು ಬೇಕಾದರೂ ಬಂದು ಆಡಬಹುದು. ಬರುತ್ತಿದ್ದವರು ಮಾತ್ರ ಬೆರಳೆಣಿಕೆಯ ಮಂದಿ, ಅವರೊಳಗೆ ಹಲ್ಲಿನ ಡಾಕ್ಟರೊಬ್ಬರು ತಪ್ಪದೆ ಬರುತ್ತಿದ್ದರು. ಮೈದಾನವನ್ನು ನೋಡಿಕೊಳ್ಳುವ ನೌಕರಿ ನಮ್ಮಪ್ಪ ಮಲ್ಲಪ್ಪನದು. ಮಡ್ಡಿಯ ಮೇಲೆ ಒಂಬತ್ತು ಕಡೆ ಗುಂಡಗೆ ಸಪಾಟಾದ ನೆಲ, ಪ್ರತಿಯೊಂದರ ನಡುವೆ ಒಂದು ಕುಣಿ, ಕುಣಿಯಲ್ಲಿ ಬಿದಿರಿನ ಗಳಕ್ಕೆ ಕಟ್ಟಿದ ಬಾವುಟ. ದೂರದಿಂದ ಚೆಂಡು ಹೊಡೆಯುತ್ತ ಬಂದು ಆ ಕುಣಿಗೆ ಬೀಳಿಸುವುದೇ ಆಟ. ನೀರಿಲ್ಲದ ಊರಲ್ಲಿ ಹುಲ್ಲು ಬೆಳೆಸುವುದು ಹೇಗೆ? ಅಪ್ಪ ಹಳ್ಳದ ಮರಳಿಗೆ ಲಾರಿಯ ಸುಟ್ಟ ಎಣ್ಣೆ ಕಲಸಿ, ಆ ಗುಂಡನೆಯ ನೆಲದ ಮೇಲೆ ಹರವಿ, ಹಲಗೆ ಎಳೆದು ನುಣ್ಣಗೆ ಮಾಡುತ್ತಿದ್ದ. ಎಣ್ಣೆ ಕೊಡುತ್ತಿದ್ದವನು ಗಾಂಧಿ ಚೌಕದ ಹಿಂದೆ ಲಾರಿ ರಿಪೇರಿ ಮಾಡುತ್ತಿದ್ದ ಹುಸೇನ ಕಾಕಾ. ಅಪ್ಪನ ಅಂಗಿ, ಅವ್ವ ತಟ್ಟಿದ ರೊಟ್ಟಿ, ನನ್ನ ಪಾಟಿಚೀಲ, ಎಲ್ಲಕ್ಕೂ ಅದೇ ಕರಿ ಎಣ್ಣೆಯ ವಾಸನೆ. ಸಾಲಿಯಲ್ಲಿ ಹುಡುಗಿಯರು ಮೂಗು ಮುಚ್ಚಿಕೊಂಡರೆ ನಾನು ಜಡೆ ಹಿಡಿದು ಜಗ್ಗುತ್ತಿದ್ದೆ.

ಆ ವರ್ಷ ಶಿವರಾತ್ರಿ ದಾಟಿದ ಮೇಲೆ ಪುರಸಭೆಯ ಜವಾನ ಸೈಕಲ್ ಮೇಲೆ ಬಂದು ಒಂದು ಮಾತು ಹೇಳಿಹೋದ. ಬರುವ ಐತವಾರ ಅಧ್ಯಕ್ಷರು ಮೈದಾನ ನೋಡಲು ಬರುತ್ತಾರೆ. ನಾಲ್ಕು ಮಂದಿ ಸಾಹೇಬರ ಆಟಕ್ಕೆ ಊರಿನ ಜಾಗ ಯಾಕೆ ಅಂತ ಸಭೆಯಲ್ಲಿ ಕೂಗೆದ್ದಿದೆ. ಊರ ಮಂದಿಗೆ ಉಪಯೋಗ ಕಾಣಲಿಲ್ಲವೋ, ಮಡ್ಡಿ ದನದ ಪ್ಯಾಟಿಗೆ ಹೋಗುತ್ತದೆ. ಅಪ್ಪನಿಗೆ ಜಕಾತಿ ನಾಕಾದಲ್ಲಿ, ಸುಂಕದ ಕಟ್ಟೆಯ ಮೇಲೆ ಕೆಲಸ, ನಾವು ಮನೆ ಖಾಲಿ ಮಾಡಬೇಕು.

ಅವತ್ತು ಅಪ್ಪ ಉಣ್ಣಲಿಲ್ಲ. ನಾನು ಅವ್ವನ ಸೆರಗು ಹಿಡಿದು, "ನಾ ಎಲ್ಲೂ ಬರಂಗಿಲ್ಲ, ಇಲ್ಲೇ ಇರಾಕಿ" ಅಂತ ಹಟ ಹಿಡಿದೆ. ಬಾರಿಹಣ್ಣಿನ ಗಿಡ ಬಿಟ್ಟು, ಮುಳ್ಳುಕಂಟಿಯೊಳಗೆ ಚೆಂಡು ಹುಡುಕುವ ನನ್ನ ರಾಜ್ಯ ಬಿಟ್ಟು ಎಲ್ಲಿಗೆ ಹೋಗಲಿ? ಅಪ್ಪನ ತಾಯಿ, ನಮ್ಮ ಆಯಿ, ಅಡಕೆ ಕುಟ್ಟುತ್ತ ಕೂತಿದ್ದವಳು ಒಂದೇ ಮಾತು ಅಂದಳು: "ಅಳೂದು ಐತವಾರ ಅಳೂಣು. ಇನ್ನೂ ಐದ್ ದಿನ ಐತಿ."

ಐದು ದಿನದಲ್ಲಿ ಮೊದಲ ದಿನವೇ ಅಡ್ಡಮಳೆ ಹೊಡೆಯಿತು. ಗಾಳಿ ಬಿದಿರಿನ ಗಳ ಮುರಿಯಿತು, ಬಾವುಟ ಹರಿದು ಜಾಲಿಗೆ ಸಿಕ್ಕವು, ಒಂಬತ್ತೂ ಕಡೆಯ ಮರಳು ತೊಳೆದುಹೋಯಿತು. ಅಪ್ಪ ಡಬ್ಬಿ ಹೊತ್ತುಕೊಂಡು ಗ್ಯಾರೇಜಿಗೆ ಓಡಿದ, ನಾನೂ ಬೆನ್ನು ಹತ್ತಿದೆ.

"ಒಂದ್ ತೊಟ್ಟು ಇಲ್ಲೋ ಮಲ್ಲಣ್ಣಾ" ಅಂದ ಹುಸೇನ ಕಾಕಾ, ಕೈ ಒರೆಸಿಕೊಳ್ಳುತ್ತ. "ಎಣ್ಣಿ ತುಟ್ಟಿ ಆಗೇತಿ. ಡ್ರೈವರ್‌ಗೋಳು ಹಳೇ ಎಣ್ಣಿ ಬದಲ್ಸದ ಹಂಗ ಓಡ್ಸಾಕತ್ತಾರ. ನಿನಗ ಇಲ್ಲ ಅನ್ನಾಕ ನನಗೂ ಹೊಟ್ಟಿ ಉರಿತೈತಿ."

ಬರಿ ಡಬ್ಬಿ ಬಡಿಯುತ್ತ ಮನೆಗೆ ಬಂದೆವು. ಅಪ್ಪ ಹೊಸ್ತಿಲ ಮೇಲೆ ತಲೆ ಹಿಡಿದು ಕೂತ. ಆಯಿ ಹೊರಗೆ ಹೋಗಿ ಆ ಗುಂಡನೆಯ ನೆಲವನ್ನು ಕಾಲಿನಿಂದ ತಟ್ಟಿ ನೋಡಿ ಬಂದಳು.

"ಮಲ್ಲ್ಯಾ, ಇದಕ ಎಣ್ಣಿ ಯಾಕ ಬೇಕು? ಗಟ್ಟಿ ನೆಲಾ ಐತಿ. ನೀರು ಹೊಡದು, ಬಡದು, ಹೆಂಡಿ ಸಾರ್ಸಿದ್ರ ಆತು. ನಾ ಹುಟ್ಟಿದಾಗಿಂದ ಕಣಾ ಮಾಡ್ಕೋತ ಬಂದೀನಿ, ಇದ್ಯಾವ ದೊಡ್ಡ ಕೆಲಸ?"

"ಯವ್ವಾ, ಸಾಹೇಬ್ರು ಆಡೂ ಜಾಗಾಕ ಹೆಂಡಿ ಸಾರಸ್ತಾರೇನ ಬೇ?"

"ದೇವ್ರ ಜಗಲಿಗೆ ಸಾರಸ್ತೀವಿ. ಸಾಹೇಬ್ರು ಅದಕ್ಕಿಂತ ದೊಡ್ಡವರೇನು?"

ಅಪ್ಪನ ಬಳಿ ಬೇರೆ ದಾರಿಯೂ ಇರಲಿಲ್ಲ. ಮರುದಿನ ಹುಸೇನ ಕಾಕಾ ತನ್ನ ಟೆಂಪೋದಲ್ಲಿ ಗೌಳಿಗರ ಓಣಿಯಿಂದ ಸೆಗಣಿ ತುಂಬಿಸಿಕೊಂಡು ಬಂದ, ಎಣ್ಣೆ ಕೊಡಲಾಗದ ಸಂಕಟಕ್ಕೆ. ಅವ್ವ, ಆಯಿ, ಅದೇ ಓಣಿಯಿಂದ ಬಂದ ಹೆಣ್ಣುಮಕ್ಕಳು ಸೀರೆ ಕಚ್ಚೆ ಹಾಕಿ ನಿಂತರು. ನಾನು ಮೊಣಕಾಲವರೆಗೆ ಸೆಗಣಿ ತುಳಿದೆ, ಅದರ ಸುಖ ತುಳಿದವರಿಗೇ ಗೊತ್ತು. ಗುರುವಾರ ಸಂಜೆಗೆ ಒಂಬತ್ತೂ ನೆಲ ಹೊಸ ಗೋಡೆಯ ಹಾಗೆ ನುಣುಪಾಗಿ, ಹಸಿರು ಬಣ್ಣಕ್ಕೆ ತಿರುಗಿ ಮಲಗಿದ್ದವು. ಮೈದಾನ ಮೊದಲ ಸಲ ಹಸಿರಾಯಿತು ನೋಡ್ರಿ ಅಂತ ಹುಸೇನ ಕಾಕಾ ನಕ್ಕ.

ಉಳಿದದ್ದು ಬಾವುಟದ ಗಳ. ಬಬಲೇಶ್ವರದ ನಮ್ಮ ಅತ್ತೆಯ ಮನೆ ಹಿಂದೆ ಬಿದಿರು ಇತ್ತು. ಶುಕ್ರವಾರ ಅಪ್ಪ ಬಸ್ಸು ಹತ್ತಿದ, ಶನಿವಾರ ಬಂದುಬಿಡುತ್ತೇನೆ ಅಂತ. ಶನಿವಾರದ ಬಸ್ಸು ಹಳ್ಳದ ಕೆಸರಿನಲ್ಲಿ ಹೂತು ಬರಲೇ ಇಲ್ಲ. ಅಪ್ಪ ಅಲ್ಲೇ ಸಿಕ್ಕಿಬಿದ್ದ.

ಅದೇ ಮಳೆ ಪಕ್ಕದೂರು ಅರಕೇರಿಯ ಎರೆಹೊಲಗಳ ಕಣಗಳನ್ನೂ ಹಾಳುಮಾಡಿತ್ತು. ಕೊಯ್ದ ಜೋಳದ ತೆನೆ ಗೂಡು ಹಾಕಿ ಮುಗಿದಿದೆ, ತಲೆ ಮೇಲೆ ಮತ್ತೆ ಮೋಡ, ಒಕ್ಕಲು ಒಣ ನೆಲ ಇಲ್ಲ. ಶುಕ್ರವಾರ ಸಂಜೆ ಅರಕೇರಿಯ ಭೀಮವ್ವ ಅನ್ನುವ ಹೆಂಗಸು ಸಂತೆ ಮುಗಿಸಿಕೊಂಡು ಮಡ್ಡಿಯ ಮೇಲೆ ಹಾದುಹೋಗುವಾಗ ಕಂಡಿದ್ದೇನು? ಸಾರಿಸಿದ ಒಂಬತ್ತು ಕಣ. ಬಾವುಟವಿಲ್ಲ, ಗಳವಿಲ್ಲ, ನಡುವೆ ಮೇಟಿಗಂಬ ನೆಡಲು ಕುಣಿ ಸಹಿತ ತೋಡಿಟ್ಟಿದೆ. ತೆನೆ ತುಳಿಯುವ ಹಂತಿಯ ಎತ್ತುಗಳು ತಿರುಗುವುದು ಆ ಮೇಟಿಯ ಸುತ್ತಲೇ ಅಲ್ಲವೇ? ಆಕೆ ಓಡುತ್ತ ನಮ್ಮ ಬಾಗಿಲಿಗೆ ಬಂದಳು.

"ಆಯೀ, ಈ ಕಣಾ ಯಾರವು?"

"ಮುನಸಿಪಾಲ್ಟಿದವು" ಅಂದಳು ಆಯಿ. ಸುಳ್ಳೇನಲ್ಲ.

"ಮುನಸಿಪಾಲ್ಟಿಯವರು ರೈತರಿಗೆ ಕಣಾ ಮಾಡಿಸ್ಯಾರ? ಅವರ ಹೊಟ್ಟಿ ತಣ್ಣಗಿರ್ಲಿ! ನಾಳೆ ಮುಂಜಾನೆ ರಾಶಿ ತರ್ಲೇನು?"

ಅವ್ವ ಒಳಗಿಂದ ಬೇಡ ಬೇಡ ಅಂತ ಕೈ ಮಾಡುತ್ತಿದ್ದಳು. ಆಯಿ ಆಕಾಶ ನೋಡಿದಳು, ಭೀಮವ್ವನ ಮುಖ ನೋಡಿದಳು. ಮೋಡ ತಲೆ ಮೇಲಿರುವಾಗ ತೆನೆ ಇಟ್ಟುಕೊಂಡು ನಿಂತವಳಿಗೆ ಕಣ ಇಲ್ಲ ಅನ್ನಲು ಆಯಿಯ ನಾಲಿಗೆ ಏಳಲಿಲ್ಲ. "ತಗೊಂಡ್ ಬಾ ಯವ್ವಾ, ಲಗೂನ ಮುಗಿಸು" ಅಂದುಬಿಟ್ಟಳು.

ಶನಿವಾರ ಹೊತ್ತು ಹುಟ್ಟುವ ಮೊದಲೇ ಭೀಮವ್ವನ ಮಗ ನಮ್ಮ ಮನೆಯೆದುರಿನ ಕುಣಿಯಲ್ಲಿ ಮೇಟಿ ನೆಟ್ಟು ಎತ್ತು ಕಟ್ಟಿದ್ದ. ಮಧ್ಯಾಹ್ನಕ್ಕೆ ಸುದ್ದಿ ಊರೂರು ಮುಟ್ಟಿತು. ಸಂಜೆಗೆ ಚಕ್ಕಡಿಗಳ ಸಾಲು! ಒಂದೇ ಒಂದು ನೆಲ ಬಿಟ್ಟು ಎಲ್ಲ ಕಡೆ ತೆನೆ ಬಿತ್ತು. ಮಡ್ಡಿಯ ಗಾಳಿಗೆ ಜೋಳ ತೂರಿದರೆ ಹೊಟ್ಟು ಜಾಲಿ ದಾಟಿ ಹಾರುತ್ತಿತ್ತು. ನಾವು ಮಕ್ಕಳು ಕಾಳು ಬಿಟ್ಟ ತೆನೆಯ ಗುಡ್ಡೆಯ ಮೇಲೆ ಲಾಗ ಹಾಕಿದ್ದೇ ಹಾಕಿದ್ದು. ಬುತ್ತಿ ಬಿಚ್ಚಿದವರೆಲ್ಲ ಕರೆದು ಕೊಟ್ಟರು: ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಕೆನೆಮೊಸರು. ಅವ್ವ ಮಾತ್ರ ಬಾಗಿಲಲ್ಲಿ ಕೂತು, "ನಿಮ್ಮಪ್ಪ ಬಂದ್ರ ಏನ್ ಹೇಳ್ಲಿ ಶಾಂತೀ" ಅಂತ ಅಳುಮುಖ ಮಾಡಿದ್ದಳು.

ಐತವಾರ ಮೊದಲ ಬಸ್ಸಿಗೆ ಅಪ್ಪ ಬಂದ. ಹೆಗಲ ಮೇಲೆ ಬಿದಿರಿನ ಕಟ್ಟು. ಮಡ್ಡಿ ಏರಿದವನು ಅಲ್ಲೇ ನಿಂತ.

"ಯವ್ವಾ! ಏನ್ ಮಾಡಿಟ್ಟಿ ಬೇ? ನನ್ನ ಮನಿ ಹಾಳಾತು!"

ಓಡಿಹೋಗಿ, ಬಿದಿರಿನ ಕಟ್ಟನ್ನು ಕಣದ ಬದಿಗೆ ಕೆಡವಿ, ಒಬ್ಬೊಬ್ಬರ ಎದುರೂ ಕೈಮುಗಿದ, "ಸಾಹೇಬ್ರು ಬರ್ತಾರ್ರಿ, ತಗೀರಿ." ಅವರೂ ಕೈಮುಗಿದರು: ಹಂತಿ ನಡುವೆ ಎತ್ತು ಬಿಚ್ಚುವುದು ಹೇಗೆ, ಮೋಡ ನೋಡು ಅಣ್ಣಾ. ಅಷ್ಟರಲ್ಲಿ ಪುರಸಭೆಯ ಜೀಪು ಗರಸು ಸಿಡಿಸುತ್ತ ಬಂದೇಬಿಟ್ಟಿತು.

ಅಧ್ಯಕ್ಷರು ಇಳಿದರು. ಎತ್ತರದ ಆಳು, ಗಿರಿಜಾ ಮೀಸೆ, ಕಾಲಲ್ಲಿ ಕರ‍್ರ್ ಅನ್ನುವ ಹೊಸ ಬೂಟು. ಹಿಂದೆ ಇಬ್ಬರು ಮೆಂಬರು, ಕೋಲಿನ ಚೀಲ ಹಿಡಿದ ಹಲ್ಲಿನ ಡಾಕ್ಟರು.

"ಏನಪಾ ಮಲ್ಲಪ್ಪಾ! ಇದು ಚೆಂಡಾಟದ ಮೈದಾನೋ, ಅರಕೇರಿಯವರ ಕಣಾನೋ?" ಅಂತ ಗುಡುಗುತ್ತ ಭೀಮವ್ವನ ರಾಶಿಯ ಕಡೆಗೆ ದಾಪುಗಾಲಿಟ್ಟರು. ಕಣದ ಅಂಚಿಗೆ ಬಂದ ಅಧ್ಯಕ್ಷರ ಎದುರು ನಮ್ಮ ಆಯಿ ಕೋಲೂರಿ ನಿಂತಳು.

"ಸಾಹೇಬ್ರ, ಕಾಲ್ಮರಿ ಬಿಟ್ಟು ಬರ್ರಿ. ರಾಶಿ ಐತಿ."

ಅಧ್ಯಕ್ಷರು ಆಯಿಯನ್ನು ನೋಡಿದರು, ರಾಶಿ ನೋಡಿದರು. ಅವರೂ ತಿಕೋಟಾ ಕಡೆಯ ಒಕ್ಕಲುತನದ ಮನೆಯವರೇ, ರಾಶಿ ಬಿದ್ದ ಕಣವನ್ನು ಬೂಟುಗಾಲಲ್ಲಿ ತುಳಿಯಬಾರದು ಅಂತ ಬಲ್ಲವರು. ಮುಂದಿಟ್ಟ ಕಾಲು ತಾನಾಗಿ ಹಿಂದೆ ಬಂತು. ಬಗ್ಗಿ ಬೂಟಿನ ಲಾಡಿ ಬಿಚ್ಚಿದರು. ಅಧ್ಯಕ್ಷರು ಬಿಟ್ಟ ಮೇಲೆ ಮೆಂಬರುಗಳೂ ಬಿಟ್ಟರು, ಡಾಕ್ಟರೂ ಬಿಟ್ಟರು. ಒಬ್ಬ ಮೆಂಬರರ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ನಾನು ಕಿಸಕ್ಕನೆ ನಕ್ಕೆ, ಅವ್ವ ತಲೆಗೊಂದು ಕೊಟ್ಟಳು.

ಬರಿಗಾಲಲ್ಲಿ ಕಣಕ್ಕೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಭೀಮವ್ವ ಬೊಗಸೆ ತುಂಬ ಜೋಳ ತಂದು, "ಹಿಡೀರಿ ಯಪ್ಪಾ" ಅಂದಳು. ಅಧ್ಯಕ್ಷರು ಹೆಗಲ ಮೇಲಿನ ಟಾವೆಲ್ ಒಡ್ಡಿದರು.

"ನಿಮ್ಮನ್ನ ಇಲ್ಲಿಗೆ ಯಾರು ಕರದ್ರು?" ಅಂತ ಕೇಳಿದರು, ದನಿ ಅರ್ಧ ಇಳಿದಿತ್ತು.

"ಯಾರ್ ಕರೀಬೇಕ್ರಿ? ಮುನಸಿಪಾಲ್ಟಿಯವರು ರೈತರಿಗೆ ಕಣಾ ಮಾಡಿಸ್ಯಾರ ಅಂತ ಕೇಳಿ ಬಂದ್ವಿ. ಮಾಡಿಸಿದವರು ನೀವ ಏನ್ರಿ? ನಿಮ್ಮ ಮನಿ ತುಂಬಿರ್ಲಿ. ಇಲ್ಲಾಂದ್ರ ಈ ವರ್ಷ ನಮ್ಮ ಕಾಳು ಮಣ್ಣಾಗ ಮೊಳಿತಿದ್ವು." ಹೇಳುತ್ತ ಹೇಳುತ್ತ ಆಕೆಯ ಕಣ್ಣು ತುಂಬಿದವು. ಸುತ್ತ ನಿಂತ ರೈತರೂ ಅಧ್ಯಕ್ಷರಿಗೆ ಕೈಮುಗಿದರು.

ಮುಚ್ಚಿಸಲು ಬಂದ ಮನುಷ್ಯನಿಗೆ ಮಾಡಿಸಿದ್ದಕ್ಕೆ ಹಾರೈಕೆ! ಅಧ್ಯಕ್ಷರು ಮೀಸೆ ಮುಟ್ಟಿಕೊಂಡರು, ಕೆಮ್ಮಿದರು, ಟಾವೆಲಿನ ಜೋಳ ನೋಡಿದರು. ಇಲ್ಲ ಅಂತ ಮಾತ್ರ ಅನ್ನಲಿಲ್ಲ.

ಖಾಲಿ ಉಳಿದ ಆ ಒಂದು ನೆಲದ ಮೇಲೆ ಅಷ್ಟರಲ್ಲಿ ಡಾಕ್ಟರು ಬರಿಗಾಲಲ್ಲೇ ಚೆಂಡಿಟ್ಟು ಮೆಲ್ಲಗೆ ತಟ್ಟಿದ್ದರು. ಚೆಂಡು ಗೆರೆ ಕೊರೆದ ಹಾಗೆ ಹೋಗಿ ಕುಣಿಗೆ ಬಿತ್ತು. "ಅಯ್ಯೋ, ಎಣ್ಣೆ ಮರಳಿಗಿಂತ ಎಷ್ಟೋ ಚೆನ್ನಾಗಿದೆ!" ಅಂತ ಅವರು ಹುಡುಗರ ಹಾಗೆ ಕೂಗಿದರು. ಅಧ್ಯಕ್ಷರಿಗೂ ಕೈ ತುರಿಸಿತು. ಜೋಳದ ಟಾವೆಲ್ ಮೆಂಬರರ ಕೈಗೆ ಕೊಟ್ಟು, ಕೋಲು ಇಸಿದುಕೊಂಡು ಬೀಸಿದರು ನೋಡಿ, ಚೆಂಡು ಕುಣಿ ದಾಟಿ, ಎತ್ತುಗಳ ಕಾಲ ಸಂದಿಯಿಂದ ಹಾದು ಭೀಮವ್ವನ ರಾಶಿಯೊಳಗೆ ಹೊಕ್ಕಿತು. ಬಿಳಿ ಜೋಳದೊಳಗೆ ಬಿಳಿ ಚೆಂಡು! ಅಧ್ಯಕ್ಷರು ಮೊಣಕೈವರೆಗೆ ಕಾಳಿನೊಳಗೆ ಕೈ ತೂರಿಸಿ ಹುಡುಕಿದರು, ಹುಡುಕುತ್ತ ನಗತೊಡಗಿದರು. ಹೊಸ ಜೋಳದೊಳಗೆ ಕೈಯಿಟ್ಟು ಎಷ್ಟು ವರ್ಷ ಆಗಿತ್ತೋ ಅವರಿಗೆ, ಚೆಂಡು ಸಿಕ್ಕ ಮೇಲೂ ಕೈ ತೆಗೆಯಲಿಲ್ಲ.

"ಮಲ್ಲಪ್ಪಾ" ಅಂದರು ಕೊನೆಗೆ, "ಸುಗ್ಗಿ ಮುಗಿಯೂತನ ರಾಶಿ ನಡೀಲಿ. ಆಮ್ಯಾಲ ಚೆಂಡು. ರಾಶಿ ಮಾಡಿದವರು ಹೋಗೂ ಮುಂದ ಹೆಂಡಿ ಸಾರ್ಸಿ ಕೊಟ್ಟು ಹೋಗಬೇಕು. ದನದ ಪ್ಯಾಟಿಗೆ ಬ್ಯಾರೆ ಜಾಗಾ ನೋಡೂಣು. ಉಡಿಯಾಗ ಕಾಳು ಹಾಕಿದ ನೆಲಾ ಹೆಂಗ ಮುಚ್ಚೂದು?"

ಅಪ್ಪ ಬಿದಿರಿನ ಕಟ್ಟಿನ ಮೇಲೆ ಕುಸಿದು ಕೂತು ಎಲ್ಲರೆದುರೇ ಅತ್ತ. ನಾನು ಓಡಿ ಹೋಗಿ ಅವನ ಕುತ್ತಿಗೆಗೆ ಜೋತುಬಿದ್ದೆ. ಆಯಿ ಮಾತ್ರ, "ಐತವಾರ ಅಳೂಣು ಅಂದಿದ್ದೆ, ಖರೇನ ಅತ್ತೆಲ್ಲೋ" ಅಂತ ಛೇಡಿಸಿದಳು.

ಆಮೇಲೆ ಎಷ್ಟೋ ವರ್ಷ ಅದೇ ಪದ್ಧತಿ ನಡೆಯಿತು. ಸುಗ್ಗಿಗೆ ರಾಶಿ, ಉಳಿದ ದಿನ ಚೆಂಡು. ರಾಶಿಗೆ ಬಂದ ಹುಡುಗರು ಆಟ ನೋಡಿ, ಜಾಲಿಯ ಕೋಲು ಕಡಿದು ತಾವೂ ಆಡತೊಡಗಿದರು. ಡಾಕ್ಟರು ಬೈಯಲಿಲ್ಲ, ಕೈ ಹಿಡಿದು ಕಲಿಸಿದರು. ಊರಿನ ಮೈದಾನ ಅಂದರೆ ಹಾಗೆ ಊರಿನದೇ ಆಯಿತು.

ಹೋದ ಮಾಗಿಯಲ್ಲಿ ನಾನು ಮತ್ತೆ ಮಡ್ಡಿಗೆ ಹೋಗಿದ್ದೆ. ಆಯಿ ಇಲ್ಲ, ಅಪ್ಪ ಇಲ್ಲ, ಹುಸೇನ ಕಾಕಾನ ಗ್ಯಾರೇಜೂ ಇಲ್ಲ. ಹಂತಿ ಹೊಡೆಯುವ ಎತ್ತುಗಳು ಹೋದವು, ಯಂತ್ರ ಹೊಲಕ್ಕೇ ಬಂದು ಗಳಿಗೆಯಲ್ಲಿ ಕಾಳು ಉದುರಿಸುತ್ತದೆ. ಬಾರಿಗಿಡದ ಜಾಗದಲ್ಲಿ ನೀರಿನ ಟಾಕಿ ನಿಂತಿದೆ. ಒಂಬತ್ತು ನೆಲದಲ್ಲಿ ಮೂರು ಉಳಿದಿವೆ.

ಆದರೆ ಆ ಮೂರೂ ನುಣ್ಣಗೆ ಸಾರಿಸಿಕೊಂಡು ಮಲಗಿದ್ದವು. ನಾಲ್ಕೈದು ಹುಡುಗ ಹುಡುಗಿಯರು ಆಡುತ್ತಿದ್ದರು. ಎರಡು ಜಡೆಯ ಹುಡುಗಿಯೊಬ್ಬಳು ಕೋಲು ಹಿಡಿದು ನಮ್ಮ ಮನೆಯೆದುರಿನ ಆ ನೆಲದ ಅಂಚಿಗೆ ಬಂದಳು. ನಿಂತು, ಬಗ್ಗಿ, ಬೂಟು ಬಿಚ್ಚಿ ಬದಿಗಿಟ್ಟು ಒಳಗೆ ಕಾಲಿಟ್ಟಳು.

"ಯಾಕ ಬೇ ತಂಗೀ, ಬೂಟು ಬಿಟ್ಟಿ?" ಅಂದೆ.

"ಇಲ್ಲಿ ಎಲ್ಲಾರೂ ಬಿಡ್ತಾರ್ರಿ ಅಜ್ಜಿ. ಯಾಕಂತ ಗೊತ್ತಿಲ್ರಿ."

ನಾನೂ ಚಪ್ಪಲಿ ಬಿಟ್ಟು ಆಕೆಯ ಹಿಂದೆ ಕಣದೊಳಗೆ ನಡೆದೆ.